ಸೊಟ್ಟ ಪಾದ ಮತ್ತು ಸ್ಮಾರ್ಟ್ ಬ್ರೇಸ್

ಕೆಲವು ಶಿಶುಗಳ ಪಾದ ಹುಟ್ಟುವಾಗಲೇ ಒಳಕ್ಕೂ ಕೆಳಕ್ಕೂ ತಿರುಗಿರುತ್ತದೆ. ವೈದ್ಯರು ಇದನ್ನು ಕ್ಲಬ್‌ಫುಟ್ ಎನ್ನುತ್ತಾರೆ. ಸುಮಾರು 1000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಗ್ರಹಣದ ದಿನ ತಾಯಿ ಹೊರಗೆ ಹೋದದ್ದೇ ಕಾರಣ ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಸ್ಪೇನ್‌ನಲ್ಲಿ ಹುಟ್ಟಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೊ ಪೊನ್ಸೆಟಿ (1914–2009) ದೊಡ್ಡ ಶಸ್ತ್ರಚಿಕಿತ್ಸೆ ಬೇಡದ ವಿಧಾನ ರೂಪಿಸಿದರು. ಅದರಲ್ಲಿ ಮೂರು ಹಂತಗಳಿವೆ.

1. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್ ಬೇಕು.
2. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯಾದ ಸ್ನಾಯುರಜ್ಜುವನ್ನು ಸಣ್ಣದಾಗಿ ಕೊಯ್ದು ಸಡಿಲಿಸುತ್ತಾರೆ.
3. ನಂತರ ಬ್ರೇಸ್. ಭುಜದಷ್ಟು ಅಗಲದ ಪಟ್ಟಿಯ ಎರಡು ತುದಿಗೆ ಶೂ ಇರುತ್ತದೆ. ಸೊಟ್ಟ ಪಾದವನ್ನು 60–70 ಡಿಗ್ರಿ ಹೊರಕ್ಕೆ ತಿರುಗಿಸಿಡುತ್ತಾರೆ.

ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಸುಮಾರು 4 ವರ್ಷದವರೆಗೆ ಮಲಗುವಾಗ ಬ್ರೇಸ್ ಹಾಕಬೇಕು. ಕಷ್ಟ ಇರುವುದು ಇಲ್ಲೇ. ಪಾದ ನೇರವಾಗಿ ಕಾಣುತ್ತದೆ, ಮಗು ಅಳುತ್ತದೆ, ಮನೆಯವರು ಬಿಚ್ಚಿಬಿಡುತ್ತಾರೆ. ಪಾದ ಮತ್ತೆ ಸೊಟ್ಟಗಾಗಲು ಮುಖ್ಯ ಕಾರಣ ಇದು.

ಹೀಗಾಗಿ ಸಂಶೋಧಕರು ಶೂನಲ್ಲಿ ಉಷ್ಣತೆ ಅಥವಾ ಒತ್ತಡ ಅಳೆಯುವ ಸೆನ್ಸರ್ ಇಟ್ಟು ನೋಡಿದ್ದಾರೆ. ಹೆತ್ತವರು ಹೇಳಿದ ಗಂಟೆಗಿಂತ ಸೆನ್ಸರ್ ತೋರಿಸಿದ ಗಂಟೆ ಕಡಿಮೆ ಇತ್ತು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ: ಬಾಯಿಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ. 90 ದಿನಕ್ಕೆ 2070 ಗಂಟೆ ಆಗಬೇಕು. ದಿನಕ್ಕೆ 3 ಗಂಟೆ ತಪ್ಪಿದರೆ 270 ಗಂಟೆ ಖೋತಾ.

ಮಗು ಬೆಳೆದಂತೆ ಪಟ್ಟಿಯ ಉದ್ದ, ಪಾದದ ಕೋನ ಎರಡನ್ನೂ ಹೊಂದಿಸಬಹುದಾದರೆ ಹೊಸ ಬ್ರೇಸ್ ಕೊಳ್ಳುವ ಖರ್ಚು ಉಳಿಯುತ್ತದೆ. ಆದರೆ ಬೆಲೆಯೂ ಬಡವರ ಕೈಗೆಟುಕಬೇಕು. ಸೆನ್ಸರ್ ತಾಯಿಯನ್ನು ಗದರಿಸಲು ಅಲ್ಲ. ಗಂಟೆ ಕಡಿಮೆಯಾದರೆ ಶೂ ಚುಚ್ಚುತ್ತಿದೆಯೇ, ಚರ್ಮ ಕೆಂಪಾಗಿದೆಯೇ ಎಂದು ವೈದ್ಯರು ಬೇಗ ಕೇಳಲು ಅದು ನೆರವಾಗಬೇಕು.

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ. ನೆರೆಮನೆಯಲ್ಲಿ ಅಂಥ ಶಿಶು ಹುಟ್ಟಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಮೊದಲ ವಾರಗಳಲ್ಲೇ ಚಿಕಿತ್ಸೆ ಶುರುವಾದರೆ ಆ ಮಗು ಎಲ್ಲರಂತೆ ಓಡಾಡಬಲ್ಲದು.