ಮೊಬೈಲಿನಲ್ಲಿ ಪಠ್ಯ ಸಂಪಾದಕದ ಅಭ್ಯಾಸ

ಈ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಯಾದ ನಾನು ವೃತ್ತಿಯಿಂದ ಅಧ್ಯಾಪಕ. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಹಳ್ಳಿಯ ಮಕ್ಕಳಿಗೆ ಗಣಕಯಂತ್ರದ ಪಾಠ ಹೇಳುತ್ತ ಬಂದವನು. ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಯಿತ್ತಾಗ, ದೊಡ್ಡ ವಿಷಯವೊಂದನ್ನು ಆರಿಸಿಕೊಳ್ಳುವ ಬದಲು, ನನ್ನ ವಿದ್ಯಾರ್ಥಿಗಳೊಡನೆ ನಾನೂ ಕಲಿತ ಒಂದು ಸಣ್ಣ ಪಾಠವನ್ನೇ ನಿವೇದಿಸುವುದು ಲೇಸೆಂದು ತೋರಿತು.

ಗಣಕಯಂತ್ರವಿಲ್ಲದೆ ಕ್ರಮವಿಧಿ ರಚನೆಯನ್ನು ಕಲಿಯಲಾಗದು ಎಂಬ ಮಾತನ್ನು ನಾವು ಅಧ್ಯಾಪಕರೇ ಎಷ್ಟೋ ಸಲ ಆಡಿದ್ದೇವೆ. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳೆಲ್ಲ ಮೊಬೈಲಿಗೆ ಬಂದಾಗ ಈ ಮಾತಿನ ಕಠೋರತೆ ನನಗೆ ಅರಿವಾಯಿತು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು. ಮನೆಗೆಲ್ಲ ಒಂದೇ ಮೊಬೈಲು. ಅದು ತಾಯಿಯೊಡನೆ ಸಂಜೆ ಮನೆ ಸೇರಿದ ಮೇಲೆ ಎರಡು ತಾಸು ಮಾತ್ರ ಮಗಳ ಕೈಗೆ ದೊರೆಯುತ್ತಿತ್ತು. ಆ ಎರಡು ತಾಸಿನಲ್ಲಿ ಏನನ್ನು ಕಲಿಸಬಹುದೆಂಬ ಪ್ರಶ್ನೆಗೆ ನನಗೆ ದೊರೆತ ಉತ್ತರವೇ 'ಟರ್ಮಕ್ಸ್' ಎಂಬ ತಂತ್ರಾಂಶ.

ಇದನ್ನು ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರದಿಂದ ಉಚಿತವಾಗಿ ಪಡೆದು ಆಂಡ್ರಾಯ್ಡ್ ಮೊಬೈಲಿನಲ್ಲಿ ಸ್ಥಾಪಿಸಿಕೊಳ್ಳಬಹುದು. ತೆರೆದೊಡನೆ ಕಪ್ಪು ಪರದೆಯೊಂದು ಕಾಣುತ್ತದೆ. ಚಿತ್ರವಿಲ್ಲ, ಗುಂಡಿಗಳಿಲ್ಲ, ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದೇ ತಿಳಿಸಬೇಕು. ಇದೇ ಟರ್ಮಿನಲ್. ಬೇಕಾದ ಸಾಧನಗಳನ್ನು ಒಮ್ಮೆ ಇಳಿಸಿಕೊಂಡರೆ, ಅನಂತರದ ಅಭ್ಯಾಸಕ್ಕೆ ಅಂತರ್ಜಾಲದ ಹಂಗಿಲ್ಲ. ಆಷಾಢದ ಮಳೆಯಲ್ಲಿ ಸಂಪರ್ಕ ಕಡಿದುಹೋಗುವ ನಮ್ಮ ಕರಾವಳಿಯ ಹಳ್ಳಿಗಳಿಗೆ ಇದು ಸಣ್ಣ ಉಪಕಾರವಲ್ಲ.

ಇಂತಹ ಪರದೆಯ ಮೇಲೆ ಬರೆಯಲು, ಬರೆದುದನ್ನು ತಿದ್ದಲು ಪಠ್ಯ ಸಂಪಾದಕ ಬೇಕು. ಅವುಗಳಲ್ಲಿ ಎರಡನ್ನು ಹೆಸರಿಸಬಹುದು. 'ನ್ಯಾನೋ' ಸುಲಭವಾದುದು, ಮುಖ್ಯ ಆಜ್ಞೆಗಳನ್ನು ಪರದೆಯ ಕೆಳಗೆ ತಾನೇ ತೋರಿಸುತ್ತದೆ. 'ವಿಮ್' ಮೊದಲಿಗೆ ಕಠಿಣ, ಅಭ್ಯಾಸವಾದ ಮೇಲೆ ಬಹು ಉಪಕಾರಿ. ವಿಮ್‌ನ ಮೂಲವಾದ 'ವಿಐ' ಎಂಬ ಸಂಪಾದಕವನ್ನು ಬಿಲ್ ಜಾಯ್ ಎಂಬವರು 1976ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ರಚಿಸಿದರು. ಆಗ ಅವರಿಗಿದ್ದ ದೂರವಾಣಿ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರಗಳಷ್ಟೇ ಹರಿಯುತ್ತಿದ್ದವು. 80 ಅಕ್ಷರಗಳ 24 ಸಾಲುಗಳಿರುವ ಪರದೆಯೊಂದು ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಅವರ ಯಂತ್ರದ ಕೀಲಿಮಣೆಯಲ್ಲಿ ಬಾಣದ ಗುರುತಿನ ಪ್ರತ್ಯೇಕ ಕೀಲಿಗಳೂ ಇರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣಗಳನ್ನು ಮುದ್ರಿಸಿತ್ತು. ಆದಕಾರಣ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಯಲು ಆ ನಾಲ್ಕು ಅಕ್ಷರಗಳೇ ಆಜ್ಞೆಗಳಾದವು. ಮೊಬೈಲಿನ ಸಾಮಾನ್ಯ ಕೀಲಿಮಣೆಯಲ್ಲಿಯೂ ಬಾಣಗಳಿಲ್ಲ. ಅಂದಿನ ಬಡ ಯಂತ್ರಕ್ಕೆ ಹೊಂದುವಂತೆ ಕಟ್ಟಿದ ಸಾಧನ ಇಂದು ಬಡ ವಿದ್ಯಾರ್ಥಿಯ ಅಂಗೈಗೆ ಹೊಂದಿಕೊಂಡಿತು!

ಕಲಿಯುವವರು ಎಡವುವುದು ಒಂದೇ ಕಡೆ. ವಿಮ್ ತೆರೆದೊಡನೆ ಬರೆಯಲು ಹೋದರೆ ಅಕ್ಷರಗಳು ಮೂಡುವುದಿಲ್ಲ. ಅದಕ್ಕೆ ಮುಖ್ಯವಾಗಿ ಎರಡು ಸ್ಥಿತಿಗಳಿವೆ: ಒಂದು ಆಜ್ಞೆಯ ಸ್ಥಿತಿ, ಇನ್ನೊಂದು ಬರವಣಿಗೆಯ ಸ್ಥಿತಿ. 'ಐ' ಒತ್ತಿದರೆ ಬರವಣಿಗೆ. 'ಎಸ್ಕೇಪ್' ಒತ್ತಿದರೆ ಮರಳಿ ಆಜ್ಞೆ. ಟರ್ಮಕ್ಸ್‌ನಲ್ಲಿ ಎಸ್ಕೇಪ್ ಕೀಲಿ ಪರದೆಯ ಮೇಲೆಯೇ ಇದೆ. ಧ್ವನಿ ಹೆಚ್ಚಿಸುವ ಗುಂಡಿಯನ್ನು ಹಿಡಿದು 'ಇ' ಒತ್ತಿದರೂ ಆಗುತ್ತದೆ. ಆಜ್ಞೆಯ ಸ್ಥಿತಿಯಲ್ಲಿ 'ಡಿ'ಯನ್ನು ಎರಡು ಬಾರಿ ಒತ್ತಿದರೆ ಇಡೀ ಸಾಲು ಅಳಿಯುತ್ತದೆ. 'ಯು' ಒತ್ತಿದರೆ ಮಾಡಿದ್ದು ರದ್ದಾಗುತ್ತದೆ. ಕೋಲನ್ ಚಿಹ್ನೆಯ ಬಳಿಕ 'ಡಬ್ಲ್ಯು', 'ಕ್ಯೂ' ಬರೆದು ಎಂಟರ್ ಒತ್ತಿದರೆ ಕಡತ ಉಳಿದು ಸಂಪಾದಕ ಮುಚ್ಚುತ್ತದೆ. ಮೊದಲ ವಾರಕ್ಕೆ ಇಷ್ಟು ಸಾಕು. ಅನಂತರ 'ವಿಮ್‌ಟ್ಯೂಟರ್' ಎಂಬ ಅಂತರ್ಗತ ಪಾಠವನ್ನು ಅರ್ಧ ತಾಸಿನಲ್ಲಿ ಮುಗಿಸಬಹುದು.

ಕೀಲಿಯನ್ನು ಒತ್ತಿಯೂ ಅಕ್ಷರ ಮೂಡದಿರುವುದು ಕನ್ನಡಿಗರಿಗೆ ಹೊಸತಲ್ಲ ಎಂಬುದನ್ನು ನಾನು ಮಕ್ಕಳಿಗೆ ನೆನಪಿಸುತ್ತೇನೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ 'ಕ್ಕ' ಬರೆಯಲು ಕೆ, ಎಫ್, ಕೆ ಕೀಲಿಗಳನ್ನು ಒತ್ತಬೇಕು. ನಡುವಿನ ಎಫ್ ತಾನೊಂದು ಅಕ್ಷರವಲ್ಲ. ಮುಂದಿನ ಅಕ್ಷರವನ್ನು ಒತ್ತಾಗಿಸುವ ಸೂಚನೆ. ಈ ಹೋಲಿಕೆಯನ್ನು ಹೇಳಿದಾಗ ಮಕ್ಕಳ ಮುಖದಲ್ಲಿನ ಗೊಂದಲ ತಿಳಿಯಾಗುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಮರೆಮಾಚದೆ ಹೇಳಬೇಕು. ಮೇಲೆ ಹೇಳಿದ ವಿದ್ಯಾರ್ಥಿನಿ ಒಂದು ಸಂಜೆ ಅಂಕಪಟ್ಟಿ ಲೆಕ್ಕಹಾಕುವ ಕ್ರಮವಿಧಿಯನ್ನು ಬರೆಯುತ್ತಿದ್ದಾಗ ಮೊಬೈಲಿನ ವಿದ್ಯುತ್ತು ಮುಗಿದುಹೋಯಿತು. ಮರುದಿನ ಕಡತ ತೆರೆದರೆ ಪರದೆ ತುಂಬ ಇಂಗ್ಲಿಷಿನ ಎಚ್ಚರಿಕೆ. ನನಗೆ ಕರೆಮಾಡಿ ಕೇಳಿದಳು. ನಾನು ಅದನ್ನು ಪೂರ್ತಿ ಓದಿಸಿ ಕೇಳದೆ, "ಡಿ ಒತ್ತಮ್ಮ, ಸರಿಹೋಗುತ್ತದೆ" ಎಂದುಬಿಟ್ಟೆ. "ಬರ್ದದ್ದೆಲ್ಲ ಹೋಯ್ತ್ ಸರ್" ಎಂದಳು. ವಿಮ್ ಬರೆದುದನ್ನು ನೆರಳು ಕಡತವೊಂದರಲ್ಲಿ ಆಗಾಗ ಕಾದಿಡುತ್ತದೆ: 200 ಅಕ್ಷರಗಳನ್ನು ಒತ್ತಿದಾಗ, ಇಲ್ಲವೇ ನಾಲ್ಕು ಸೆಕೆಂಡು ಕೈ ನಿಂತಾಗ. 'ಆರ್' ಒತ್ತಿದ್ದರೆ ಅದೆಲ್ಲ ಮರಳಿ ಬರುತ್ತಿತ್ತು; 'ಡಿ' ಆ ನೆರಳನ್ನೇ ಅಳಿಸಿತು. ಅವಳು ಮರುಮಾತಾಡದೆ ಮೊದಲಿನಿಂದ ಬರೆದಳು. ಯಂತ್ರ ಅವಳ ಎರಡು ತಾಸಿನ ದುಡಿಮೆಯನ್ನು ಜೋಪಾನ ಮಾಡಿತ್ತು. ಕಳೆದವನು ಅವಳ ಗುರು. ಅಂದಿನಿಂದ ನನ್ನ ಮೊದಲ ಪಾಠ ಒಂದೇ: ಪರದೆ ಏನು ಹೇಳುತ್ತದೆಂಬುದನ್ನು ಕೊನೆಯ ಪದದವರೆಗೆ ಓದಿ, ಆಮೇಲೆ ಕೀಲಿ ಮುಟ್ಟಬೇಕು.

ಈ ಸಾಧನದ ಮಿತಿಗಳನ್ನೂ ಹೇಳುವುದು ನ್ಯಾಯ. ಟರ್ಮಿನಲ್ಲಿನ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳದೆ ಕಾಣುವುದುಂಟು. ಕನ್ನಡ ಪ್ರಬಂಧಕ್ಕೆ ಬೇರೆ ತಂತ್ರಾಂಶವೇ ಲೇಸು. ಕನ್ನಡ ಕೀಲಿಮಣೆಯಲ್ಲಿದ್ದರೆ ಆಜ್ಞೆಯ ಮುನ್ನ ಇಂಗ್ಲಿಷಿಗೆ ಬದಲಿಸಿಕೊಳ್ಳಬೇಕು. ಟರ್ಮಕ್ಸ್ ಅನ್ನು ತೆಗೆದುಹಾಕಿದರೆ ಅದರೊಳಗಿನ ಕಡತಗಳೂ ಹೋಗುತ್ತವೆ. ಆದ್ದರಿಂದ ಪ್ರತಿಯೊಂದನ್ನು ಬೇರೆಡೆ ಇಡಬೇಕು. ಸಣ್ಣ ಪರದೆಯನ್ನು ಬಹಳ ಹೊತ್ತು ನೋಡಿದರೆ ಕಣ್ಣು ದಣಿಯುತ್ತದೆ. ಶಾಲೆಯ ಪ್ರಯೋಗಶಾಲೆಗೆ ಇದು ಬದಲಿಯಲ್ಲ. ಶಾಲೆಯ ಬಾಗಿಲು ಮುಚ್ಚಿದ ಮೇಲೆಯೂ ನಡೆಯುವ ಅಭ್ಯಾಸ.

ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಕೊನೆಯದಾಗಿ ಒಂದು ಮಾತು. ವಿಮ್ ಅನ್ನು 1991ರಲ್ಲಿ ಲೋಕಕ್ಕಿತ್ತವರು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್. 1994ರಲ್ಲಿ ಅವರು ಉಗಾಂಡದ ಕಿಬಾಲೆ ಎಂಬಲ್ಲಿಗೆ ಸ್ವಯಂಸೇವಕರಾಗಿ ಹೋಗಿ, ಅಲ್ಲಿನ ಮಕ್ಕಳ ಕೇಂದ್ರದಲ್ಲಿ ಕುಡಿಯುವ ನೀರು, ನೈರ್ಮಲ್ಯಗಳ ಕೆಲಸ ಮಾಡಿದರು. ಬಳಿಕ ತಮ್ಮ ತಂತ್ರಾಂಶಕ್ಕೆ ಬೆಲೆ ಕೇಳಲಿಲ್ಲ. ಮೆಚ್ಚಿದವರು ಆ ಮಕ್ಕಳಿಗೆ ನೆರವಾಗಲಿ ಎಂದು ಮಾತ್ರ ಕೋರಿದರು. 2023ರ ಆಗಸ್ಟ್ 3ರಂದು ಅವರು ತೀರಿಕೊಂಡರು. ದುಡಿಮೆಯನ್ನು ಕಾಯಕವಾಗಿಯೂ ಅದರ ಫಲವನ್ನು ದಾಸೋಹವಾಗಿಯೂ ಕಾಣುವುದನ್ನು ಕಲಿಸಿದ ಈ ಶಾಲೆಯ ಮಕ್ಕಳಿಗೆ ಅವರ ನಡೆ ಅಪರಿಚಿತವೆನಿಸದು.

ದಾನಿಗಳು ಹೊಸ ಗಣಕಯಂತ್ರಗಳನ್ನು ಕೊಡಲಿ, ಅದು ಸ್ತುತ್ಯರ್ಹ. ಹಳೆಯ ವಿದ್ಯಾರ್ಥಿಗಳು, ತಾವು ಬಳಸದೆ ಇಟ್ಟಿರುವ, ಸುಸ್ಥಿತಿಯಲ್ಲಿರುವ ಮೊಬೈಲನ್ನು ಒಂದು ಮಗುವಿಗೆ ಕೊಟ್ಟು, ವಾರಕ್ಕೊಂದು ತಾಸು ಜೊತೆಗೆ ಕುಳಿತು ಹೇಳಿಕೊಟ್ಟರೆ ಅದೂ ಅಷ್ಟೇ ದೊಡ್ಡ ದಾನ. ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ನಿನ್ನಲ್ಲಿ ಯಂತ್ರವಿಲ್ಲ, ಆದ್ದರಿಂದ ನಿನಗೆ ಈ ವಿದ್ಯೆ ಇಲ್ಲ ಎಂಬ ಮಾತನ್ನು ಇನ್ನು ಯಾವ ಮಗುವಿಗೂ ಹೇಳದಿರೋಣ.