ಬಿಸಿನೀರಿನ ಫಿಟ್ಸ್, ನಾರ್ಮಲ್ ಇಇಜಿ

ಪ್ರಶ್ನೆ: ಮಗನಿಗೆ 11 ವರ್ಷ. ಎಣ್ಣೆಸ್ನಾನದ ದಿನ ಹಂಡೆಯ ಬಿಸಿನೀರು ತಲೆಗೆ ಬಿದ್ದಾಗ ಮಾತ್ರ ಒಂದೇ ಕಡೆ ನೋಡುತ್ತ ಏನೋ ಬಡಬಡಿಸುತ್ತಾನೆ. ಒಮ್ಮೆ ಬಿದ್ದು ಕೈಕಾಲು ಸೆಳೆಯಿತು. ಶಿರಸಿಯ ಡಾಕ್ಟರು ಹೇಳಿದಂತೆ ಹುಬ್ಬಳ್ಳಿಯಲ್ಲಿ ಇಇಜಿ ಮಾಡಿಸಿದೆವು. ನಾರ್ಮಲ್ ಬಂತು. ಇನ್ನು ಔಷಧ ಯಾಕೆ ಎನ್ನುತ್ತಾರೆ ಮನೆಯವರು.
— ಓದುಗರು, ಸಿದ್ದಾಪುರ

ಉತ್ತರ: ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ನೀವು ಬರೆದಿರುವುದು ಬಿಸಿನೀರಿನ ಅಪಸ್ಮಾರವನ್ನೇ ಹೋಲುತ್ತದೆ. ಬೇರೆ ದೇಶಗಳಲ್ಲಿ ಅಪರೂಪವಾದ ಇದು ಕರ್ನಾಟಕದಲ್ಲಿ ಸಾಕಷ್ಟು ಕಾಣುತ್ತದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ 1968ರಲ್ಲೇ ಇದರ ಬಗ್ಗೆ ಬರೆದಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸುಡುಸುಡು ನೀರನ್ನು ಚೆಂಬಿನ ಮೇಲೆ ಚೆಂಬು ನೆತ್ತಿಗೆ ಹೊಯ್ಯುವ ನಮ್ಮ ಬಚ್ಚಲಿನ ಪದ್ಧತಿ ಇದಕ್ಕೆ ಹೇಳಿಮಾಡಿಸಿದಂತಿದೆ.

ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಇಂಥವರಲ್ಲಿ ಬಹುಪಾಲು ನಾರ್ಮಲ್ಲೇ. ಯಂತ್ರ ನೋಡಿದ್ದು ಅರ್ಧ ಗಂಟೆಯನ್ನು, ತೊಂದರೆ ಬರುವುದು ಬಚ್ಚಲಲ್ಲಿ. ಬೇರೆ ಬಗೆಯ ಅಪಸ್ಮಾರದಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಜನರಲ್ಲಿ ಏನನ್ನೂ ತೋರಿಸುವುದಿಲ್ಲ. ಕಣ್ಣಾರೆ ಕಂಡವರ ವಿವರಣೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮತ್ತೆ ಬಂದರೆ ಮೊದಲು ಹುಡುಗನನ್ನು ಮಗ್ಗುಲಿಗೆ ಮಲಗಿಸಿ, ಜೊತೆಗಿದ್ದವರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಅದಕ್ಕೆಂದೇ ಬಿಸಿನೀರು ಹೊಯ್ದು ಪರೀಕ್ಷಿಸುವುದು ಮಾತ್ರ ಬೇಡ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು.

ಇನ್ನು ಮೇಲೆ ಉಗುರು ಬೆಚ್ಚಗಿನ ನೀರು. ಮೊದಲು ಮೈಗೆ, ಕೊನೆಗೆ ತಲೆಗೆ, ಅದೂ ಸ್ವಲ್ಪಸ್ವಲ್ಪವೇ. ಬಚ್ಚಲಿನ ಅಗುಳಿ ಹಾಕುವುದು ಬೇಡ. ಆ ಗುಂಗು ಹಿತವೆನಿಸಿ ತಾವೇ ಮತ್ತೆಮತ್ತೆ ಬಿಸಿನೀರು ಹೊಯ್ದುಕೊಳ್ಳುವ ಮಕ್ಕಳೂ ಇದ್ದಾರೆ, ಗಮನವಿರಲಿ. ಕೆಲವರಿಗೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಟ್ಟರೆ ಸಾಕಾಗುತ್ತದೆ, ಕೆಲವರಿಗೆ ದಿನವೂ ಔಷಧ ಬೇಕು. ಅದನ್ನು ನರರೋಗ ತಜ್ಞರು ತೀರ್ಮಾನಿಸಲಿ, ನೆಂಟರಲ್ಲ.

ಪ್ರಶ್ನೆ: ಇಇಜಿಯಲ್ಲಿ ತಲೆಗೆ ಕರೆಂಟು ಕೊಡುತ್ತಾರಂತೆ, ಕೂದಲು ಬೋಳಿಸುತ್ತಾರಂತೆ. ಹೌದೇ?
— ಓದುಗರು, ಯಲ್ಲಾಪುರ

ಉತ್ತರ: ಎರಡೂ ಸುಳ್ಳು. ಮಿದುಳಿನಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೇ. ಒಂದು ವೋಲ್ಟಿನ ಲಕ್ಷ ಭಾಗದಲ್ಲಿ ಕೆಲವು ಭಾಗದಷ್ಟು ಸಣ್ಣದು ಅದು. ಮನುಷ್ಯನ ತಲೆಯಿಂದ ಅದನ್ನು 1924ರಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ಹ್ಯಾನ್ಸ್ ಬರ್ಗರ್. ಅಂಟಿನಂಥ ಪೇಸ್ಟ್ ಹಚ್ಚಿ ತಂತಿ ಕೂರಿಸುತ್ತಾರೆ. ನೋವಿಲ್ಲ. ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಿ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ನಿದ್ದೆಗೆಟ್ಟು ಬರಲು ಹೇಳಿದ್ದರೆ ಹುಬ್ಬಳ್ಳಿ ಬಸ್ಸಿನಲ್ಲಿ ತೂಕಡಿಸಬೇಡಿ, ನಿದ್ದೆ ಬರಬೇಕಾದ್ದು ಪರೀಕ್ಷೆಯ ಮಂಚದ ಮೇಲೆ.