ಜಾತ್ರೆಯ ಹೊಡೆದಾಟ, ಬೆಂಕಿಯ ನೌಕರಿ

ಪ್ರಶ್ನೆ: ಅಗ್ನಿಶಾಮಕ ಇಲಾಖೆಯ ಆಯ್ಕೆ ಪಟ್ಟಿಯಲ್ಲಿ ನನ್ನ ತಮ್ಮನ ಹೆಸರು ಬಂದಿದೆ. ಮನೆಯಲ್ಲಿ ಸಂಭ್ರಮ ಇರಬೇಕಿತ್ತು, ಇಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಜಾತ್ರೆಯಲ್ಲಿ ತೇರಿನ ಹಗ್ಗದ ಹತ್ತಿರ ಮಾತಿಗೆ ಮಾತು ಬೆಳೆದು ಒಬ್ಬನ ತುಟಿ ಒಡೆದಿದ್ದ. ಐಪಿಸಿ 323, 504, 506 ಅಂತ ಕೇಸಾಯಿತು. ಕೋರ್ಟಿಗೆ ಅಲೆದೂ ಅಲೆದು, ಕೊನೆಗೆ ಹಿರಿಯರು ಕೂಡಿಸಿ ರಾಜಿ ಮಾಡಿಸಿದರು, ಖುಲಾಸೆಯಾಯಿತು. ಈಗ ನಮೂನೆಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ’ ಎಂಬ ಕಾಲಂ ಇದೆ. ‘ಮುಗಿದ ಕೇಸು, ಇಲ್ಲ ಅಂತ ಬರಿ’ ಎನ್ನುತ್ತಾರೆ ಚಿಕ್ಕಪ್ಪ. ತಮ್ಮ ಬಾಯಿ ಬಿಡುತ್ತಿಲ್ಲ. ನನಗೆ ಇನ್ನೂ ಒಂದು ಕೊರಗಿದೆ. ಹೇಳಿದರೆ ಅಮ್ಮ ನೊಂದುಕೊಳ್ಳುತ್ತಾಳೆ. ನಮ್ಮ ಮನೆಗೇ ಬೆಂಕಿ ಬಿದ್ದು, ಒಳಗೆ ನುಗ್ಗುವವನ ಮೇಲೆ ಹಿಂದೆ ಕೇಸಿತ್ತು ಎಂದು ಗೊತ್ತಾದರೆ ನಾನು ಒಪ್ಪುತ್ತಿದ್ದೆನೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಾಲಂನ ವಿಚಾರ ಮೊದಲು ಮುಗಿಸೋಣ. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ, ನಿಮ್ಮ ಕೊರಗಿಗೆ ಇಲ್ಲ.

‘ಹೌದು’ ಎಂದೇ ಬರೆಯಲಿ. ಚಿಕ್ಕಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ: ರಾಜಿಯಾದ ಪ್ರಕರಣಕ್ಕೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ ಖುಲಾಸೆಯ ಫಲವನ್ನೇ ಕೊಡುತ್ತಿತ್ತು. ಆದರೆ ನಮೂನೆ ಕೇಳುತ್ತಿರುವುದು ಶಿಕ್ಷೆಯಾಯಿತೇ ಎಂದಲ್ಲ, ಪ್ರಕರಣ ದಾಖಲಾಗಿತ್ತೇ ಎಂದು. ದಾಖಲಾಗಿತ್ತು. ಪೊಲೀಸ್ ವೆರಿಫಿಕೇಷನ್ ಹೋಗುವುದು ನಿಮ್ಮೂರಿನ ಠಾಣೆಗೇ. ಅಗ್ನಿಶಾಮಕ ಮತ್ತು ಪೊಲೀಸ್ ಎರಡೂ ಗೃಹ ಇಲಾಖೆಯ ಮನೆಯವು. ಆ ಎಫ್‌ಐಆರ್ ಯಾರ ಕಣ್ಣಿಗೂ ಬೀಳದು ಎಂದುಕೊಳ್ಳುವುದು ಜೂಜು, ಪಣಕ್ಕಿಟ್ಟಿರುವುದು ತಮ್ಮನ ನೌಕರಿ.

2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇಂಥದ್ದೇ ತೊಡಕನ್ನು ಬಿಡಿಸಿತು. ಶಿಕ್ಷೆಯಾಗಿರಲಿ, ಖುಲಾಸೆಯಾಗಿರಲಿ, ಬಂಧನವಷ್ಟೇ ಆಗಿರಲಿ, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು ಎಂದಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಮನ್ನಿಸಲು ಅವಕಾಶವಿದೆ ಎಂದೂ ಹೇಳಿತು. ಹೊಡೆದಾಟ ಆ ಸಾಲಿಗೆ ಸೇರುತ್ತದೋ ಇಲ್ಲವೋ ಎಂಬ ವಾದಕ್ಕೆ ನಿಮ್ಮ ತಮ್ಮ ಯಾಕೆ ಸಿಕ್ಕಿಕೊಳ್ಳಬೇಕು? (ಬೇರೆ ಓದುಗರಿಗಾಗಿ ಒಂದು ಮಾತು: ಘಟನೆ ಹದಿನೆಂಟು ತುಂಬುವ ಮೊದಲು ನಡೆದಿದ್ದರೆ ಲೆಕ್ಕವೇ ಬೇರೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಅಂಥವರನ್ನು ಅನರ್ಹತೆಯಿಂದ ಕಾಪಾಡುತ್ತದೆ. ಹದಿನಾರು ದಾಟಿ, ವಯಸ್ಕರಂತೆ ವಿಚಾರಣೆ ಎದುರಿಸಿದವರಿಗೆ ಮಾತ್ರ ಆ ರಕ್ಷಣೆ ಇಲ್ಲ.)

‘ಹೌದು’ ಎಂದು ಬರೆದ ಮಾತ್ರಕ್ಕೆ ನೌಕರಿ ಗಟ್ಟಿ ಎಂದು ನಾನು ಹೇಳಲಾರೆ. 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಾಕ್ಷಿಗಳು ತಿರುಗಿಬಿದ್ದೋ ರಾಜಿಯಾಗಿಯೋ ಸಿಗುವ ಖುಲಾಸೆ ಗೌರವದ ಖುಲಾಸೆಗೆ ಸಮವಲ್ಲ, ಇಲಾಖೆ ಅದನ್ನು ತೂಗಿ ನೋಡಬಹುದು ಎಂದಿತು. ಅದಕ್ಕೆ ಎರಡು ವರ್ಷ ಮುಂಚೆ, ಸಂದೀಪ್ ಕುಮಾರ್ ಎಂಬ ಯುವಕನ ಹೊಡೆದಾಟದ ಪ್ರಕರಣದಲ್ಲಿ, ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ಎಳೆಯರ ತಪ್ಪನ್ನು ಮನ್ನಿಸಬೇಕೆಂದು ವಿಕ್ಟರ್ ಹ್ಯೂಗೊನ ಜಾನ್ ವಾಲ್‌ಜಾನನನ್ನೇ ಕರೆತಂದು ನಿಲ್ಲಿಸಿತ್ತು. ರೊಟ್ಟಿ ಕದ್ದವನ ಕತೆ ತೀರ್ಪಿನೊಳಗೆ ಬರುವುದು ನನಗೆ ಇಷ್ಟವೇ. ಆದರೆ ನಿಮ್ಮ ತಮ್ಮನ ಕಡತ ನೋಡುವ ಅಧಿಕಾರಿ ಹ್ಯೂಗೊನನ್ನು ಓದಿರಬೇಕೆಂದೇನಿಲ್ಲ. ಅವರ ಮುಂದೆ ತೀರ್ಪಿನ ದೃಢೀಕೃತ ನಕಲು, ದೂರು, ಚಾರ್ಜ್‌ಶೀಟ್ ಇರಲಿ. ಜೊತೆಗೆ ಏನಾಯಿತೆಂದು ತಮ್ಮನೇ ನೆಟ್ಟಗೆ ಬರೆದ ಅರ್ಧ ಪುಟ. ‘ಸುಳ್ಳು ಕೇಸು’ ಎಂದು ಬರೆಯುವುದು ಬೇಡ. ತುಟಿ ಒಡೆದದ್ದು ಸುಳ್ಳಲ್ಲವಲ್ಲ.

ಇನ್ನು ನಿಮ್ಮ ಕೊರಗು. ಅದನ್ನು ಅಮ್ಮನಿಂದ ಮುಚ್ಚಿಟ್ಟಿದ್ದೀರಿ, ಆದರೆ ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಪೊಲೀಸರು ಬಾಗಿಲಿಗೆ ಬಂದರೆ ವಾರಂಟ್ ಇದೆಯೇ ಎಂದು ಕೇಳಬಹುದು. ಅಗ್ನಿಶಾಮಕದವರನ್ನು ಯಾರು ಕೇಳುತ್ತಾರೆ? ಅವರೇ ಬಾಗಿಲು ಒಡೆಯುತ್ತಾರೆ. ನಾವು ಉಟ್ಟ ಬಟ್ಟೆಯಲ್ಲಿ ಬೀದಿಯಲ್ಲಿ ನಿಂತಿರುತ್ತೇವೆ. ಬೀರು, ಬಂಗಾರ, ಮಂಚದಲ್ಲಿ ಮಲಗಿದ ಮುದುಕಿ ಎಲ್ಲವೂ ಮುಖ ಕಾಣದ ಆ ಮನುಷ್ಯನ ವಶ. ಹಾಗಾಗಿ ಹಿನ್ನೆಲೆ ನೋಡುವುದು ತಪ್ಪಲ್ಲ. ಹಿನ್ನೆಲೆಯಲ್ಲಿ ಏನನ್ನು ನೋಡಬೇಕು ಎಂಬಲ್ಲಿ ಯೋಚಿಸಬೇಕಾದ್ದಿದೆ.

ತಪ್ಪು ಮಾಡಿದವರನ್ನು ಬೆಂಕಿಯ ಕೆಲಸಕ್ಕೆ ಬಿಡುವುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಬಹುಕಾಲದಿಂದ ಮಾಡಿ ನೋಡಿದೆ. ಅಲ್ಲಿ ಜೈಲಿನಲ್ಲಿರುವವರೇ ಕಾಡ್ಗಿಚ್ಚಿನ ಎದುರು ನಿಲ್ಲುತ್ತಾರೆ; 1940ರ ದಶಕದಿಂದ ನಡೆದುಬಂದ ಪದ್ಧತಿ. ಗರಗಸ, ಗುದ್ದಲಿ ಹಿಡಿದು ಪೊದೆ ಕಡಿದು, ಬೆಂಕಿ ದಾಟದಂತೆ ಬರಿಮಣ್ಣಿನ ಪಟ್ಟಿ ತೆಗೆಯುವುದು ಅವರ ಕೆಲಸ. ಬಂಡೀಪುರದಲ್ಲಿ ಬೇಸಿಗೆಗೆ ಮುಂಚೆ ತೆಗೆಯುವ ಬೆಂಕಿ ರೇಖೆಯನ್ನೇ ಇವರು ಜ್ವಾಲೆಯ ಮುಂದೆ ನಿಂತು ತೆಗೆಯುತ್ತಾರೆ ಅನ್ನಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಪ್ಯಾಲಿಸೇಡ್ಸ್, ಈಟನ್ ಬೆಂಕಿಗಳು ಊರನ್ನೇ ನುಂಗುತ್ತಿದ್ದಾಗ ಇಂಥ ಸಾವಿರದಷ್ಟು ಕೈದಿಗಳು ಕಣದಲ್ಲಿದ್ದರು. ಆಗ ಅವರಿಗೆ ದಿನಕ್ಕೆ ಹೆಚ್ಚೆಂದರೆ 10 ಡಾಲರ್ 24 ಸೆಂಟ್, ಬೆಂಕಿಯ ಎದುರು ಇರುವ ಪ್ರತಿ ಗಂಟೆಗೆ ಮೇಲೊಂದು ಡಾಲರ್. ಗಂಟೆಗೆ 7.25 ಡಾಲರ್ ಕೊಡಬೇಕೆಂಬ ಕಾನೂನಿಗೆ ಸಹಿ ಬಿದ್ದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ವಿಚಿತ್ರ ನೋಡಿ, ಸೆರೆಯಲ್ಲಿದ್ದಾಗ ಬೆಂಕಿ ಆರಿಸಿದವನು ಬಿಡುಗಡೆಯಾಗಿ ಬಂದು ಅದೇ ಕೆಲಸ ಕೇಳಿದರೆ ಬಾಗಿಲು ಮುಚ್ಚಿರುತ್ತಿತ್ತು. ನಗರದ ಬಹುತೇಕ ಅಗ್ನಿಶಾಮಕ ದಳಗಳು ತುರ್ತು ವೈದ್ಯಕೀಯ ಸಹಾಯಕನ ಪ್ರಮಾಣಪತ್ರ ಕೇಳುತ್ತವೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಅದು ವರ್ಷಗಟ್ಟಲೆ ಸಿಗುತ್ತಿರಲಿಲ್ಲ. 2020ರಲ್ಲಿ ಬಂದ ಒಂದು ಕಾಯ್ದೆ, ಕೈದಿಗಳ ಈ ಅಗ್ನಿಶಾಮಕ ಶಿಬಿರಗಳಲ್ಲಿ ಚೆನ್ನಾಗಿ ದುಡಿದವರು ತಮ್ಮ ಅಪರಾಧದ ದಾಖಲೆ ತೆಗೆದುಹಾಕುವಂತೆ ಕೋರ್ಟನ್ನು ಕೇಳಲು ದಾರಿ ಮಾಡಿತು. ವಯಸ್ಕರಿಗೆ ಅಂಥ ಸರಳ ದಾರಿ ನಮ್ಮಲ್ಲಿಲ್ಲ, ಇರಬೇಕಿತ್ತು.

ಆ ಶಿಬಿರಗಳಿಗೆ ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ. ಬೆಂಕಿ ಹಚ್ಚಿದವರು, ಲೈಂಗಿಕ ಅಪರಾಧ ಎಸಗಿದವರು, ತಪ್ಪಿಸಿಕೊಳ್ಳಲು ನೋಡಿದವರು ಹೊರಗೆ. ನನಗೆ ಸರಿ ಕಾಣುವುದು ಈ ಅಳತೆಯೇ: ಮಾಡಿದ ತಪ್ಪಿಗೂ ಮಾಡಬೇಕಾದ ಕೆಲಸಕ್ಕೂ ನಂಟು ಇದೆಯೇ? ಮನೆಗಳ್ಳತನದಲ್ಲಿ ಶಿಕ್ಷೆಯಾದವನನ್ನು ಖಾಲಿ ಮನೆಯೊಳಗೆ ಬಿಡುವ ಮುಂಚೆ ನಾನೂ ಎರಡು ಸಲ ಯೋಚಿಸುವೆ.

ದಾಖಲೆ ಶುಭ್ರವಾಗಿದ್ದರೆ ಸಾಕು ಎನ್ನುವವರಿಗೂ ಅದೇ ಕ್ಯಾಲಿಫೋರ್ನಿಯಾದಲ್ಲಿ ಉತ್ತರವಿದೆ. ಗ್ಲೆಂಡೇಲ್ ನಗರದ ಅಗ್ನಿಶಾಮಕ ದಳದಲ್ಲಿ ಜಾನ್ ಆರ್ ಎಂಬ ಕ್ಯಾಪ್ಟನ್ ಇದ್ದ. ಬೆಂಕಿ ಯಾರು ಹಚ್ಚಿದರು ಎಂದು ತನಿಖೆ ಮಾಡುವುದರಲ್ಲಿ ಹೆಸರಾದವನು. ಹಚ್ಚುತ್ತಿದ್ದವನೂ ಅವನೇ. 1984ರ ಅಕ್ಟೋಬರಿನಲ್ಲಿ ಸೌತ್ ಪ್ಯಾಸಡೀನಾದ ಅಂಗಡಿಯೊಂದಕ್ಕೆ ಅವನು ಇಟ್ಟ ಬೆಂಕಿಯಲ್ಲಿ ಎಳೆಯ ಮಗುವೂ ಸೇರಿ ನಾಲ್ವರು ಸತ್ತರು. ಸಿಕ್ಕಿಬಿದ್ದದ್ದು 1991ರಲ್ಲಿ. ಅಲ್ಲಿಯವರೆಗೆ ಅವನು ಇಲಾಖೆಯ ಗೌರವಾನ್ವಿತ ಅಧಿಕಾರಿ. ಬೆಂಕಿ ಹಚ್ಚುವ ಅಗ್ನಿಶಾಮಕನ ಬಗ್ಗೆ ಕಾದಂಬರಿ ಬೇರೆ ಬರೆದಿದ್ದ!

ನಿಮ್ಮ ತಮ್ಮನ ತಪ್ಪು ಕಳ್ಳತನವಲ್ಲ, ಬೆಂಕಿ ಇಟ್ಟದ್ದೂ ಅಲ್ಲ. ಹಾಗೆಂದು ಈ ಕೆಲಸಕ್ಕೆ ಅದು ಸಂಬಂಧವೇ ಇಲ್ಲ ಎಂದೂ ಹೇಳಲಾರೆ. ಬೆಂಕಿ ಬಿದ್ದ ಕಡೆ ಜನ ಹೇಗಿರುತ್ತಾರೆಂದು ಬಲ್ಲಿರಾ? ಬಣವೆ ಉರಿಯುತ್ತಿರುತ್ತದೆ, ವಾಹನ ದೂರದ ತಾಲ್ಲೂಕು ಕೇಂದ್ರದಿಂದ ಬರುವಷ್ಟರಲ್ಲಿ ಅರ್ಧ ಬೂದಿ. ‘ಈಗ ಬಂದ್ರಾ’ ಎಂದು ಅವ್ವ-ಅಪ್ಪನ ಹೆಸರೆತ್ತಿ ಬೈಯುತ್ತಾರೆ, ಅಂಗಿ ಹಿಡಿದು ಜಗ್ಗುತ್ತಾರೆ. ಆ ಗದ್ದಲದಲ್ಲಿ ತಗ್ಗಿಸಿದ ತಲೆ ಎತ್ತದೆ ಪೈಪು ಬಿಚ್ಚುವವನು ಬೇಕು. ತೇರಿನ ಹಗ್ಗದ ಹತ್ತಿರ ಒಂದು ಮಾತಿಗೆ ಕೈ ಎತ್ತಿದವನು ಇವತ್ತು ಅದನ್ನು ತಾಳುವನೇ? ಪೊಲೀಸ್ ವರದಿ ಇದನ್ನು ಹೇಳದು. ಜೊತೆಗೆ ಬೆಳೆದ ನಿಮಗೆ ಗೊತ್ತಿರಬೇಕು. ಆಮೇಲಿನ ವರ್ಷಗಳಲ್ಲಿ ಸಿಟ್ಟು ಬಂದಾಗ ಅವನು ಏನು ಮಾಡಿದ್ದಾನೆ? ಆ ತುಟಿ ಒಡೆಸಿಕೊಂಡವನು ಎದುರು ಸಿಕ್ಕರೆ ಮಾತಾಡುತ್ತಾನೆಯೇ? ಚಿಕ್ಕಪ್ಪ ಇಲ್ಲದ ಹೊತ್ತು ನೋಡಿ ಇದನ್ನು ಅವನನ್ನೇ ಕೇಳಿ. ಅವನು ಬಾಯಿ ಬಿಡದಿರುವುದು ಕಾಲಂಗೆ ಹೆದರಿಯೇ ಇರಲಿಕ್ಕಿಲ್ಲ. ನಿಮ್ಮ ಮನಸ್ಸಿನ ಪ್ರಶ್ನೆ ಅವನ ಮನಸ್ಸಿನಲ್ಲೂ ಇರಬಹುದು. ಉತ್ತರ ಸಮಾಧಾನ ತಂದರೆ, ನಿಮ್ಮ ಮನೆಗೆ ಬೆಂಕಿ ಬಿದ್ದ ದಿನ ಅಂಥವನು ಬರಲಿ ಎಂದು ನಾನಂತೂ ಬಯಸುವೆ.

ಇಲಾಖೆ ನೇಮಕಾತಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ‘ಆಗಲ್ಲಪ್ಪ’ ಸಾಲದು. ಆದೇಶ ಕೈಗೆ ಬಂದ ಒಂದು ವರ್ಷದೊಳಗೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠ ಬೆಳಗಾವಿಯಲ್ಲೂ ಇದೆ. ಸೇವಾ ವಿಷಯ ನೋಡುವ ವಕೀಲರನ್ನೇ ಹಿಡಿಯಿರಿ. ಜಾತ್ರೆ ಕೇಸು ನಡೆಸಿದವರ ದಾರಿ ಬೇರೆ.